ಊರು ಬಿಟ್ಟು ಹೋದ ಫೈನಲ್

ಕೊಲ್ಹಾಪುರದ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ ತಾಲೀಮು ಮಂಡಳವೂ ಶಿವಾಜಿ ತರುಣ ಮಂಡಳವೂ ಎದುರುಬದುರಾಗುವ ದಿನ ಪೇಠೆಗಳಲ್ಲಿ ಬೇರೆ ಮಾತೇ ಇರುವುದಿಲ್ಲ. ನಮ್ಮ ಬೇಡಕಿಹಾಳದವರಿಗೆ ಕೊಲ್ಹಾಪುರ ಹೊರರಾಜ್ಯವಾದರೂ ಹೊರ ಊರಲ್ಲ. ಅಂಬಾಬಾಯಿಯ ದರ್ಶನಕ್ಕೆ, ದವಾಖಾನೆಗೆ, ಬೆಲ್ಲದ ಪೇಟೆಗೆ, ಖಾಸಬಾಗದ ಕುಸ್ತಿಗೆ ಹೋಗಿಬಂದ ದಾರಿಯಲ್ಲೇ ಈ ಸೀಮೆಯ ಹುಡುಗರು ಫುಟ್‌ಬಾಲ್ ನೋಡಲಿಕ್ಕೂ ಹೋಗುತ್ತಾರೆ. ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು, ದಿಲ್‌ಬಹಾರ್ ತಾಲೀಮು ಎಂಬ ತಂಡಗಳ ಹೆಸರು ಅವರಿಗೆ ಬಾಯಿಪಾಠ. ಕೆಮ್ಮಣ್ಣಿನಲ್ಲಿ ಪೈಲ್ವಾನರನ್ನು ಬೆಳೆಸಿದ ಗರಡಿಮನೆಗಳೇ ಅಲ್ಲಿ ಚೆಂಡನ್ನೂ ಕೈಗೆತ್ತಿಕೊಂಡವು. ಹೀಗಾಗಿ ಅಲ್ಲಿನ ಫುಟ್‌ಬಾಲಿನಲ್ಲಿ ಕಂಪನಿಯ ತಂಡ, ಇಲಾಖೆಯ ತಂಡ ಎಂಬ ಲೆಕ್ಕಕ್ಕಿಂತ ನಿನ್ನ ಪೇಠೆ ಯಾವುದು ಎಂಬುದೇ ದೊಡ್ಡ ಲೆಕ್ಕ.

ಈ ಜಿದ್ದಿನ ಸ್ವರೂಪ ಬಲ್ಲವರಿಗೆ ಒಂದು ಸಂಗತಿ ಗೊತ್ತು. ಸೋತವನಿಗೆ ನೋವಾಗುವುದು ಮೈದಾನದಲ್ಲಲ್ಲ, ಮರುದಿನ ಚಹದಂಗಡಿಯಲ್ಲಿ. ಗೆದ್ದವನು ಅಲ್ಲೇ ಕೂತಿರುತ್ತಾನೆ. ಅವನು ನಿನ್ನ ಶಾಲೆಯವನು, ನಿನ್ನ ಅತ್ತೆಯ ಮಗ, ನಿನ್ನ ಮನೆಗೆ ಹಾಲು ತರುವವನು. ಪರ ಊರಿನ ತಂಡದ ಮುಂದೆ ಸೋತರೆ ಸೋಲು ಬಸ್ಸು ಹತ್ತಿ ಹೋಗಿಬಿಡುತ್ತದೆ. ನೆರೆಯವನ ಮುಂದೆ ಸೋತರೆ ಅದು ಊರಲ್ಲೇ ಉಳಿಯುತ್ತದೆ. ಕಲ್ಲು ಹಾರುವುದು, ಪೊಲೀಸರು ಬರುವುದು, ಪಂದ್ಯ ನಿಲ್ಲುವುದು, ಇವೆಲ್ಲವನ್ನೂ ಕೊಲ್ಹಾಪುರ ಕಂಡಿದೆ. ಮತ್ತೆ ಆಟ ಹೂಡಿದ್ದನ್ನೂ ಕಂಡಿದೆ.

ಇಂಥ ನೆರೆಹೊರೆಯ ಜಿದ್ದು ಒಂದು ಇಡೀ ಖಂಡದ ಕ್ಲಬ್ ಕಪ್ಪಿನ ಫೈನಲ್ಲಿಗೆ ಬಂದು ನಿಂತದ್ದು 2018ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ದಕ್ಷಿಣ ಅಮೆರಿಕದ ಕೋಪಾ ಲಿಬರ್ಟಡೋರೆಸ್ ಫೈನಲ್‌ನಲ್ಲಿ ಎದುರಾದವು. 1960ರಲ್ಲಿ ಆರಂಭವಾದ ಈ ಕಪ್ಪಿನಲ್ಲಿ ಅಲ್ಲಿಯವರೆಗೆ ಅವೆರಡೂ ಒಮ್ಮೆಯೂ ಫೈನಲ್‌ನಲ್ಲಿ ಭೇಟಿಯಾಗಿರಲಿಲ್ಲ. ಊರಿನ ಎರಡು ಮೈದಾನಗಳಲ್ಲಿ ಒಂದೊಂದು ಪಂದ್ಯ ಎಂದು ಗೊತ್ತಾಗಿತ್ತು. ಕೊನೆಗೆ ಕಪ್ಪು ಯಾರದೆಂದು ತೀರ್ಮಾನವಾದದ್ದು ಸಮುದ್ರದಾಚೆ, ಹತ್ತು ಸಾವಿರ ಕಿಲೋಮೀಟರ್ ದೂರದ ಮ್ಯಾಡ್ರಿಡ್‌ನಲ್ಲಿ. ಊರವರ ಪಂದ್ಯವನ್ನು ಊರವರಿಂದ ಕಸಿದುಕೊಂಡದ್ದು ತಪ್ಪು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಯಾಕೆ ಎನ್ನುವುದಕ್ಕೆ ಈ ಎರಡು ಕ್ಲಬ್ಬುಗಳ ಹುಟ್ಟಿನಿಂದಲೇ ಹೇಳಬೇಕು.

ಬ್ಯೂನಸ್ ಐರಿಸ್‌ನ ದಕ್ಷಿಣ ತುದಿಯಲ್ಲಿ, ರಿಯಾಚುಯೆಲೊ ನದಿ ದೊಡ್ಡ ಪ್ಲಾಟಾ ನದಿಯನ್ನು ಸೇರುವಲ್ಲಿ ಲಾ ಬೋಕಾ ಎಂಬ ಬಂದರು ಬಡಾವಣೆ ಇದೆ. ಇಟಲಿಯ ಜಿನೋವಾದಿಂದ ಹಡಗು ಹತ್ತಿ ಬಂದ ಬಡ ವಲಸೆಗಾರರು ಅಲ್ಲಿ ತಗಡಿನ ಮನೆ ಕಟ್ಟಿಕೊಂಡು, ಹಡಗು ಕಟ್ಟೆಯಲ್ಲಿ ಕೂಲಿ ಮಾಡಿ ಬದುಕಿದರು. ರಿವರ್ ಪ್ಲೇಟ್ ಹುಟ್ಟಿದ್ದು ಅಲ್ಲಿಯೇ, 1901ರಲ್ಲಿ. ಬೋಕಾ ಜೂನಿಯರ್ಸ್ ಹುಟ್ಟಿದ್ದೂ ಅಲ್ಲಿಯೇ, 1905ರ ಏಪ್ರಿಲ್‌ನಲ್ಲಿ. ಈಗ ಒಂದನ್ನು ಸಿರಿವಂತರ ತಂಡ, ಇನ್ನೊಂದನ್ನು ಬಡವರ ತಂಡ ಎಂದು ಕರೆಯುವವರು ಇದನ್ನು ಮರೆಯುತ್ತಾರೆ. ಎರಡೂ ಒಂದೇ ಓಣಿಯ ಮಕ್ಕಳು. 1913ರ ಆಗಸ್ಟ್ 24ರಂದು ಮೊದಲ ಅಧಿಕೃತ ಪಂದ್ಯದಲ್ಲಿ ಎದುರಾದಾಗ ರಿವರ್ 2–1ರಿಂದ ಗೆದ್ದಿತು.

ಆಮೇಲೆ ರಿವರ್ ಓಣಿ ಬಿಟ್ಟಿತು. 1920ರ ದಶಕದಲ್ಲಿ ಊರಿನ ಉತ್ತರದ ಕಡೆಗೆ, ಉಳ್ಳವರ ಬಡಾವಣೆಗಳತ್ತ ಸರಿಯಿತು. ವೃತ್ತಿಪರ ಆಟ ಶುರುವಾದ 1931ರ ಆಸುಪಾಸಿನಲ್ಲಿ ಕಾರ್ಲೋಸ್ ಪೆಯುಸೆಲ್ಲೆ, ಬರ್ನಾಬೆ ಫೆರೆಯ್ರಾ ಅವರಂಥ ಆಟಗಾರರನ್ನು ದೊಡ್ಡ ದುಡ್ಡು ಸುರಿದು ಕರೆತಂದಿತು. ಅಂದಿನಿಂದ ಅದಕ್ಕೆ ಕೋಟ್ಯಧೀಶರು ಎಂಬ ಹೆಸರು ಅಂಟಿತು. 1938ರಲ್ಲಿ ಮೊನುಮೆಂಟಲ್ ಎಂಬ ಭಾರಿ ಸ್ಟೇಡಿಯಂ ಎದ್ದಿತು. 1978ರ ವಿಶ್ವಕಪ್ ಫೈನಲ್ ನಡೆದದ್ದು ಅದರಲ್ಲೇ. ಬೋಕಾ ಮಾತ್ರ ಹುಟ್ಟಿದ ಜಾಗ ಬಿಡಲಿಲ್ಲ. ಇಕ್ಕಟ್ಟಿನ ನಿವೇಶನದಲ್ಲಿ ಹರವಿಗೆ ಜಾಗವಿಲ್ಲದೆ ನೆಟ್ಟಗೆ ಮೇಲಕ್ಕೆ ಕಟ್ಟಿದ ಅದರ ಬೊಂಬೊನೇರಾ ಸ್ಟೇಡಿಯಂ 1940ರಲ್ಲಿ ತೆರೆಯಿತು. ಜನ ಕುಣಿದರೆ ಅದರ ಅಟ್ಟಣಿಗೆಗಳು ಅದುರುತ್ತವೆ. ಬೋಕಾದವರು ಇಂದಿಗೂ ತಮ್ಮನ್ನು ಜಿನೋವಾದವರು ಎಂದೇ ಕರೆದುಕೊಳ್ಳುತ್ತಾರೆ.

ಹೀಗೆ ಅಣ್ಣ ಮನೆ ಬಿಟ್ಟು ಹೊಸ ಬಡಾವಣೆಗೆ ಹೋದ, ತಮ್ಮ ಹಳೇ ಮನೆಯಲ್ಲೇ ಉಳಿದ. ನಂತರದ ಪ್ರತಿಯೊಂದು ಪಂದ್ಯದ ಹಿಂದೆ ಈ ಪಾಲುಪಟ್ಟಿಯ ಸಿಟ್ಟು ಇದ್ದೇ ಇದೆ.

ಆ ಊರಿನವರು ಹಳೆಯ ಪಂದ್ಯಗಳನ್ನು ಮರೆಯುವುದಿಲ್ಲ. 1962ರ ಡಿಸೆಂಬರ್ 9ರಂದು ಬೊಂಬೊನೇರಾದಲ್ಲಿ ರಿವರ್‌ನ ಬ್ರೆಜಿಲ್ ಆಟಗಾರ ಡೆಲೆಮ್ ಒದ್ದ ಪೆನಾಲ್ಟಿಯನ್ನು ಬೋಕಾದ ಗೋಲ್‌ಕೀಪರ್ ಆಂಟೋನಿಯೊ ರೋಮಾ ತಡೆದ. 1–0ರಿಂದ ಗೆದ್ದ ಬೋಕಾ ಲೀಗ್ ಪ್ರಶಸ್ತಿಯ ದಾರಿ ಹಿಡಿಯಿತು. ಒದೆಯುವ ಮೊದಲೇ ರೋಮಾ ಮುಂದೆ ಬಂದಿದ್ದ ಎಂದು ರಿವರ್‌ನವರು ಇನ್ನೂ ವಾದಿಸುತ್ತಾರೆ. 1966ರಲ್ಲಿ ಇದೇ ಲಿಬರ್ಟಡೋರೆಸ್ ಫೈನಲ್‌ನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಯ ಪೆನ್ಯಾರೋಲ್ ವಿರುದ್ಧ 2–0 ಮುಂದಿದ್ದ ರಿವರ್ 2–4ರಿಂದ ಸೋತಿತು. ಕೆಲವೇ ದಿನಗಳಲ್ಲಿ ಬ್ಯಾನ್‌ಫೀಲ್ಡ್ ತಂಡದ ಅಭಿಮಾನಿಗಳು ಬಿಳಿ ಕೋಳಿಗೆ ಕೆಂಪು ಪಟ್ಟೆ ಬಳಿದು ಮೈದಾನಕ್ಕೆ ಬಿಟ್ಟರು. ಬೋಕಾದವರ ಬಾಯಲ್ಲಿ ರಿವರ್ ಅಂದಿನಿಂದ ಹೇಟೆ ಕೋಳಿ. 2004ರ ಲಿಬರ್ಟಡೋರೆಸ್ ಸೆಮಿಫೈನಲ್‌ನಲ್ಲಿ ಮೊನುಮೆಂಟಲ್‌ನಲ್ಲೇ ಗೋಲು ಹೊಡೆದ ಬೋಕಾದ ಕಾರ್ಲೋಸ್ ತೆವೆಜ್ ಎರಡೂ ತೋಳು ಬಡಿದು ಕೋಳಿಯ ನಟನೆ ಮಾಡಿ ಕೆಂಪು ಕಾರ್ಡ್ ಪಡೆದ. ಬೋಕಾ ಪೆನಾಲ್ಟಿಗಳಲ್ಲಿ ಗೆದ್ದಿತು. 2011ರ ಜೂನ್ 26ರಂದು ರಿವರ್ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಎರಡನೇ ದರ್ಜೆಗೆ ಕುಸಿದಾಗ ಬೋಕಾದ ಅಭಿಮಾನಿಗಳಿಗೆ ಅಣಕಿಸಲು ಒಂದು ಪೀಳಿಗೆಗೆ ಸಾಕಾಗುವಷ್ಟು ಸರಕು ಸಿಕ್ಕಿತು.

ಅಣಕದ ಮಾತು ಒಂದು ಕಡೆಗಿರಲಿ. 1968ರ ಜೂನ್ 23ರಂದು ಮೊನುಮೆಂಟಲ್‌ನಲ್ಲಿ ಈ ಎರಡು ತಂಡಗಳ ಪಂದ್ಯ ಗೋಲಿಲ್ಲದೆ ಮುಗಿದ ಮೇಲೆ ಹನ್ನೆರಡನೇ ಬಾಗಿಲಿನ ಮೆಟ್ಟಿಲುಗಳಲ್ಲಿ ಕಾಲ್ತುಳಿತವಾಗಿ 71 ಜನ ಸತ್ತರು. ಹೆಚ್ಚಿನವರು ಬೋಕಾದ ಹುಡುಗರು. ಯಾರಿಗೂ ಶಿಕ್ಷೆಯಾಗಲಿಲ್ಲ. ದೇಶದಲ್ಲಿ ಮೈದಾನದ ಹಿಂಸೆ ಮಿತಿಮೀರಿದಾಗ, 2013ರಿಂದ, ಎದುರಾಳಿ ತಂಡದ ಅಭಿಮಾನಿಗಳು ಸ್ಟೇಡಿಯಂಗೆ ಬರುವುದನ್ನೇ ನಿಷೇಧಿಸಲಾಯಿತು. 2015ರ ಮೇ 14ರಂದು ಲಿಬರ್ಟಡೋರೆಸ್‌ನ ಹದಿನಾರರ ಘಟ್ಟದಲ್ಲಿ, ಬೊಂಬೊನೇರಾದಲ್ಲಿ, ಅರ್ಧಾವಧಿ ಮುಗಿಸಿ ಮೈದಾನಕ್ಕೆ ಮರಳುತ್ತಿದ್ದ ರಿವರ್ ಆಟಗಾರರ ಮೇಲೆ ಸುರಂಗದೊಳಗೆ ಖಾರದ ದ್ರಾವಣ ಎರಚಲಾಯಿತು. ಕಣ್ಣುರಿದ ಆಟಗಾರರು ಆಡಲಾಗದೆ ಪಂದ್ಯ ನಿಂತಿತು. ಬೋಕಾವನ್ನು ಕೂಟದಿಂದ ಹೊರಹಾಕಿದರು. ಆ ವರ್ಷದ ಕಪ್ಪು ರಿವರ್ ಗೆದ್ದಿತು. ಮೂರು ವರ್ಷಗಳ ನಂತರ ನಡೆದದ್ದು ಅರ್ಥವಾಗಬೇಕಾದರೆ ಈ ಘಟನೆ ನೆನಪಿರಬೇಕು.

2018ರ ಸೆಮಿಫೈನಲ್‌ಗಳಲ್ಲಿ ಎರಡೂ ತಂಡಗಳ ಎದುರಾಳಿಗಳು ಬ್ರೆಜಿಲ್‌ನವರು. ಬೋಕಾ ತನ್ನ ಮನೆಯಲ್ಲಿ ಪಾಲ್ಮೆಯ್ರಾಸ್ ವಿರುದ್ಧ 2–0ರಿಂದ ಗೆದ್ದಿತು. ಎರಡೂ ಗೋಲು ಬದಲಿಯಾಗಿ ಇಳಿದ ಡೇರಿಯೊ ಬೆನೆಡೆಟ್ಟೊನದು. ಬ್ರೆಜಿಲ್‌ನಲ್ಲಿ 2–2 ಮಾಡಿಕೊಂಡು ಫೈನಲ್ ಸೇರಿತು. ರಿವರ್‌ನ ದಾರಿ ಕಷ್ಟದ್ದು. ಗ್ರೆಮಿಯೊ ವಿರುದ್ಧ ಮನೆಯಲ್ಲೇ 0–1ರಿಂದ ಸೋತಿತ್ತು. ಅಕ್ಟೋಬರ್ 30ರಂದು ಪೋರ್ಟೊ ಅಲೆಗ್ರೆಯಲ್ಲಿ 82ನೇ ನಿಮಿಷದವರೆಗೂ ಹಿಂದೆ ಇತ್ತು. ರಫಾಯೆಲ್ ಬೋರೆ ಸಮ ಮಾಡಿದ. ಹೆಚ್ಚುವರಿ ನಿಮಿಷಗಳಲ್ಲಿ, ವಿಡಿಯೊ ನೋಡಿ ಕೊಟ್ಟ ಪೆನಾಲ್ಟಿಯನ್ನು ಗೊನ್ಸಾಲೊ 'ಪಿಟಿ' ಮಾರ್ತಿನೆಸ್ ಗೋಲಾಗಿಸಿದ. ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ರಿವರ್ ದಾಟಿತು. ಆ ಪಂದ್ಯಕ್ಕೆ ನಿಷೇಧಿತನಾಗಿದ್ದ ಕೋಚ್ ಮಾರ್ಸೆಲೊ ಗಯಾರ್ಡೊ ಅರ್ಧಾವಧಿಯಲ್ಲಿ ನಿಯಮ ಮುರಿದು ತಂಡದ ಕೋಣೆಗೆ ಹೋದ. ಅದಕ್ಕೆ ತೆತ್ತ ಬೆಲೆ ದೊಡ್ಡದು. ಫೈನಲ್‌ನ ಎರಡೂ ಪಂದ್ಯಗಳಲ್ಲಿ ಅವನು ತಂಡದ ಬೆಂಚಿನಲ್ಲಿ ಕೂರುವಂತಿರಲಿಲ್ಲ. ಸಹಾಯಕ ಮಾತಿಯಾಸ್ ಬಿಸ್ಕಾಯ್ ಅವನ ಜಾಗದಲ್ಲಿ ನಿಂತ.

ಗಯಾರ್ಡೊ ರಿವರ್‌ನಲ್ಲೇ ಬೆಳೆದ ಆಟಗಾರ, 1996ರಲ್ಲಿ ಇದೇ ಕಪ್ಪು ಗೆದ್ದ ತಂಡದಲ್ಲಿದ್ದವನು. ಬೋಕಾದ ಕೋಚ್ ಗಿಯೆರ್ಮೊ ಬಾರೋಸ್ ಸ್ಕೆಲೊಟ್ಟೊ 2000, 2001 ಮತ್ತು 2003ರಲ್ಲಿ ಬೋಕಾ ಪರ ಅದನ್ನು ಎತ್ತಿದವನು. ಆಟಗಾರರಾಗಿದ್ದಾಗಲೇ ಇಬ್ಬರೂ ಎದುರಾಳಿಗಳು. ದೇಶದ ಆಗಿನ ಅಧ್ಯಕ್ಷ ಮೌರಿಸಿಯೊ ಮಾಕ್ರಿ ಹಿಂದೆ ಹನ್ನೆರಡು ವರ್ಷ ಬೋಕಾ ಕ್ಲಬ್ಬಿನ ಅಧ್ಯಕ್ಷರಾಗಿದ್ದವರು. ಇಂಥ ಫೈನಲ್ ಬಾರದಿದ್ದರೇ ಒಳ್ಳೆಯದು, ಸೋತವರು ಚೇತರಿಸಿಕೊಳ್ಳಲು ಇಪ್ಪತ್ತು ವರ್ಷ ಬೇಕು ಎಂಬರ್ಥದ ಮಾತನ್ನು ಅವರೇ ಆಡಿದ್ದರು. ಫೈನಲ್ ಖಚಿತವಾದ ಮೇಲೆ ಎರಡೂ ಕಡೆಯ ಅಭಿಮಾನಿಗಳನ್ನು ಬಿಡೋಣ ಎಂದರು. ಕ್ಲಬ್ಬುಗಳ ಅಧ್ಯಕ್ಷರು ಒಪ್ಪಲಿಲ್ಲ. ಬೊಂಬೊನೇರಾದಲ್ಲಿ ಬೋಕಾದವರು ಮಾತ್ರ, ಮೊನುಮೆಂಟಲ್‌ನಲ್ಲಿ ರಿವರ್‌ನವರು ಮಾತ್ರ ಎಂದಾಯಿತು.

ಮೊದಲ ಪಂದ್ಯ ನವೆಂಬರ್ 10ರ ಶನಿವಾರ. ಅವತ್ತು ಆಕಾಶ ಹರಿದಂತೆ ಮಳೆ ಸುರಿದು ಬೊಂಬೊನೇರಾದ ಹುಲ್ಲಿನ ಮೇಲೆ ನೀರು ನಿಂತಿತು. ಪಂದ್ಯ ಭಾನುವಾರಕ್ಕೆ ಹೋಯಿತು. ಆ ಭಾನುವಾರದ ಆಟವನ್ನು ನೋಡಿದವರಿಗೆ ಈ ಫೈನಲ್ ಊರಲ್ಲೇ ಮುಗಿದಿದ್ದರೆ ಹೇಗಿರುತ್ತಿತ್ತು ಎಂಬುದರ ಅಂದಾಜು ಸಿಗುತ್ತದೆ. 34ನೇ ನಿಮಿಷದಲ್ಲಿ ರಾಮೋನ್ ಆಬಿಲಾ ಒದ್ದ ಚೆಂಡನ್ನು ರಿವರ್‌ನ ಗೋಲ್‌ಕೀಪರ್ ಫ್ರಾಂಕೊ ಅರ್ಮಾನಿ ತಡೆದ; ಮರಳಿ ಬಂದದ್ದನ್ನು ಆಬಿಲಾ ಮತ್ತೆ ಒದ್ದು ಒಳಗೆ ಹಾಕಿದ. ಬೊಂಬೊನೇರಾದ ಕೂಗು ಅಡಗುವ ಮೊದಲೇ ಲೂಕಸ್ ಪ್ರಾತ್ತೊ ಸಮ ಮಾಡಿದ. ಅರ್ಧಾವಧಿಯ ಅಂಚಿನಲ್ಲಿ ಬೆನೆಡೆಟ್ಟೊ ತಲೆಯಿಂದ ಬೋಕಾವನ್ನು ಮತ್ತೆ ಮುಂದೆ ತಂದ. 61ನೇ ನಿಮಿಷದಲ್ಲಿ ಫ್ರೀ ಕಿಕ್ ಒಂದು ಬೋಕಾದ ರಕ್ಷಕ ಕಾರ್ಲೋಸ್ ಇಸ್ಕಿಯೆರ್ದೋಸ್‌ಗೆ ತಾಗಿ ಅವನ ತಂಡದ ಗೋಲಿಗೇ ಹೋಯಿತು. ಕೊನೆಯ ನಿಮಿಷಗಳಲ್ಲಿ ತೆವೆಜ್ ಕೊಟ್ಟ ಚೆಂಡಿನೊಂದಿಗೆ ಬೆನೆಡೆಟ್ಟೊ ಒಬ್ಬನೇ ಅರ್ಮಾನಿಯ ಮುಂದೆ ಬಂದಿದ್ದ. ಅರ್ಮಾನಿ ಅದನ್ನೂ ತಡೆದ. 2–2. ಜಗಳವಿಲ್ಲ, ಕಲ್ಲಿಲ್ಲ. ಎಲ್ಲವೂ ಎರಡನೇ ಪಂದ್ಯಕ್ಕೆ ಉಳಿಯಿತು.

ನವೆಂಬರ್ 24, ಶನಿವಾರ. ಮೊನುಮೆಂಟಲ್‌ನಲ್ಲಿ ಸುಮಾರು 66,000 ಜನ ಮಧ್ಯಾಹ್ನದಿಂದಲೇ ಬಿಸಿಲಿನಲ್ಲಿ ಕೂತಿದ್ದರು. ಅಲ್ಲಿ ಆಗ ಬೇಸಿಗೆ ಹತ್ತಿರವಾಗಿತ್ತು. ಸಂಜೆ ಐದಕ್ಕೆ ಆಟ. ಬೋಕಾದ ಬಸ್ಸು ಸ್ಟೇಡಿಯಂ ಹತ್ತಿರದ ತಿರುವಿಗೆ ಬಂದಾಗ ಅಲ್ಲಿ ರಿವರ್ ಅಭಿಮಾನಿಗಳ ದೊಡ್ಡ ಗುಂಪು ನಿಂತಿತ್ತು. ಬಸ್ಸಿಗೂ ಗುಂಪಿಗೂ ನಡುವೆ ಇರಬೇಕಾದಷ್ಟು ಪೊಲೀಸರಿರಲಿಲ್ಲ. ಕಲ್ಲು, ಬಾಟಲಿ, ಕೈಗೆ ಸಿಕ್ಕಿದ್ದೆಲ್ಲ ಹಾರಿ ಬಂತು. ಕಿಟಕಿಗಳು ಒಡೆದವು. ಗುಂಪು ಚದುರಿಸಲು ಪೊಲೀಸರು ಸಿಡಿಸಿದ ಖಾರದ ಹೊಗೆ ಒಡೆದ ಕಿಟಕಿಗಳಿಂದ ಬಸ್ಸಿನೊಳಗೇ ನುಗ್ಗಿತು. ಚಾಲಕನಿಗೆ ಹಿಡಿತ ತಪ್ಪಿದಾಗ ಕ್ಲಬ್ಬಿನ ಉಪಾಧ್ಯಕ್ಷರು ಸ್ಟೀರಿಂಗ್ ಹಿಡಿದರು ಎಂದು ವರದಿಯಾಯಿತು. ನಾಯಕ ಪಾಬ್ಲೊ ಪೆರೆಸ್‌ನ ಕಣ್ಣಿಗೆ ಗಾಜಿನ ಪೆಟ್ಟು ಬಿತ್ತು. ಆಸ್ಪತ್ರೆಗೆ ಹೋಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮರಳಿದ. ಹಲವರು ಕೆಮ್ಮುತ್ತ, ವಾಂತಿ ಮಾಡಿಕೊಳ್ಳುತ್ತ ಕೋಣೆ ಸೇರಿದರು.

ಆಮೇಲೆ ನಡೆದದ್ದು ದಾಳಿಯಷ್ಟೇ ನಾಚಿಕೆಗೇಡು. ಐದರ ಆಟ ಆರಕ್ಕೆ ಎಂದರು. ಆರರದು ಏಳೂಕಾಲಕ್ಕೆ ಎಂದರು. ದಕ್ಷಿಣ ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕಾನ್ಮೆಬೋಲ್‌ನ ವೈದ್ಯರು ಆಟಗಾರರು ಆಡಬಲ್ಲರು ಎಂದು ಬರೆದುಕೊಟ್ಟರು. ತಮ್ಮನ್ನು ಬಲವಂತವಾಗಿ ಆಡಿಸಲು ನೋಡುತ್ತಿದ್ದಾರೆ ಎಂದು ತೆವೆಜ್ ಸುದ್ದಿಗಾರರ ಮುಂದೆ ಹೇಳಿದ. ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಸ್ಟೇಡಿಯಂನಲ್ಲೇ ಇದ್ದರು. ಕೊನೆಗೆ, ಈ ಸ್ಥಿತಿಯಲ್ಲಿ ಆಡುವುದು ನ್ಯಾಯವಲ್ಲ ಎಂಬುದಕ್ಕೆ ಎರಡೂ ಕ್ಲಬ್ಬುಗಳ ಅಧ್ಯಕ್ಷರು ಒಪ್ಪಿ, ಮರುದಿನಕ್ಕೆ ಮುಂದೂಡಿದರು. ಮರುದಿನ ಜನ ಮತ್ತೆ ಸಾಲು ಹಚ್ಚಿದರು. ಬಾಗಿಲು ತೆರೆದ ಮೇಲೆ ಆಟವಿಲ್ಲ ಎಂಬ ಸುದ್ದಿ ಬಂತು. ನಗರದ ಭದ್ರತಾ ಮಂತ್ರಿ ಮಾರ್ತಿನ್ ಒಕಾಂಪೊ ರಾಜೀನಾಮೆ ಕೊಟ್ಟರು.

ಬೋಕಾ 2015ನ್ನು ನೆನಪಿಸಿತು. ಅಂದು ನಮ್ಮನ್ನು ಹೊರಹಾಕಿದಿರಿ, ಇಂದು ರಿವರ್ ಅನ್ನು ಹೊರಹಾಕಿ ಕಪ್ಪು ನಮಗೆ ಕೊಡಿ ಎಂದಿತು. ಆ ವಾದದಲ್ಲಿ ತೂಕವಿದೆ. ಆದರೆ ವ್ಯತ್ಯಾಸವೂ ಇದೆ: 2015ರದು ಬೋಕಾದ ಸ್ಟೇಡಿಯಂನೊಳಗಿನ ಕೃತ್ಯ, 2018ರದು ಪೊಲೀಸರ ವಶದಲ್ಲಿದ್ದ ಬೀದಿಯಲ್ಲಿ ಆದದ್ದು. ಕಾನ್ಮೆಬೋಲ್ ಬೋಕಾದ ಬೇಡಿಕೆ ತಳ್ಳಿತು. ರಿವರ್‌ಗೆ ನಾಲ್ಕು ಲಕ್ಷ ಡಾಲರ್ ದಂಡ ಹಾಕಿತು. ಮುಂದಿನ ವರ್ಷ ಎರಡು ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡಬೇಕೆಂದಿತು. ಮೂರನೆಯದಾಗಿ, ಫೈನಲ್ ಅನ್ನು ಅರ್ಜೆಂಟೀನಾದಿಂದಲೇ ಹೊರಗೆ ಒಯ್ದಿತು. ನವೆಂಬರ್ 29ರಂದು ಜಾಗ ಪ್ರಕಟವಾಯಿತು: ಮ್ಯಾಡ್ರಿಡ್‌ನ ಸ್ಯಾಂಟಿಯಾಗೊ ಬರ್ನಬೆವು, ಡಿಸೆಂಬರ್ 9.

ಇಲ್ಲಿಯೇ ನನ್ನ ತಕರಾರು. ಕಲ್ಲು ಎಸೆದವರು ಒಂದು ತಿರುವಿನಲ್ಲಿದ್ದ ಗುಂಪು. ಟಿಕೆಟ್ ಕೊಂಡು, ಮಕ್ಕಳನ್ನು ಕರೆದುಕೊಂಡು ಬಂದು, ಗಂಟೆಗಟ್ಟಲೆ ಕೂತು, ಗದ್ದಲವಿಲ್ಲದೆ ಮನೆಗೆ ಹೋದವರು 66,000 ಜನ. ಶಿಕ್ಷೆ ಇವರಿಗೆ ಬಿತ್ತು. ಇನ್ನು, ಆ ಊರಿಗೆ ಕಾವಲು ಕೊಡುವ ತಾಕತ್ತಿಲ್ಲ ಎಂಬ ಮಾತು. ಬಸ್ಸಿನ ಮೇಲೆ ಕಲ್ಲು ಬಿದ್ದ ವಾರದೊಳಗೆ, ನವೆಂಬರ್ 30 ಮತ್ತು ಡಿಸೆಂಬರ್ 1ರಂದು, ಅದೇ ಬ್ಯೂನಸ್ ಐರಿಸ್‌ನಲ್ಲಿ ಜಿ20 ಶೃಂಗಸಭೆ ನಡೆಯಿತು. ಅಮೆರಿಕ, ಚೀನಾ, ರಷ್ಯಾದ ಮುಖ್ಯಸ್ಥರು ಬಂದರು, ನಮ್ಮ ಪ್ರಧಾನಿ ನರೇಂದ್ರ ಮೋದಿಯವರೂ ಹೋಗಿದ್ದರು. ಒಬ್ಬ ನಾಯಕನ ಕಾರಿನ ಗಾಜಿಗೂ ಗೀರು ಬೀಳಲಿಲ್ಲ. ಅಷ್ಟು ಜನರನ್ನು ಕಾಯಬಲ್ಲ ಊರು ಒಂದು ಬಸ್ಸನ್ನು ಕಾಯಲಾರದೇ?

ಸ್ಪೇನ್ ಆರಿಸಿಕೊಂಡದ್ದು ಅರ್ಜೆಂಟೀನಾದಲ್ಲಿ ಇನ್ನೊಂದು ಕಾರಣಕ್ಕೂ ಚುಚ್ಚಿತು. ಸ್ಪೇನಿನ ಆಳ್ವಿಕೆಯಿಂದ ಖಂಡವನ್ನು ಬಿಡಿಸಿದ ಸಿಮೋನ್ ಬೊಲಿವಾರ್, ಹೋಸೆ ದೆ ಸಾನ್ ಮಾರ್ತಿನ್ ಮೊದಲಾದ ವಿಮೋಚಕರ ಗೌರವಕ್ಕೆ ಇಟ್ಟ ಕಪ್ಪು ಅದು. ರಿವರ್ ಕ್ಲಬ್ಬು ತನ್ನ ಮನೆಯ ಪಂದ್ಯ ಕಳೆದುಕೊಂಡದ್ದಕ್ಕೆ ಪ್ರತಿಭಟಿಸಿತು. ಬೋಕಾ ಆಡದೆಯೇ ಗೆಲುವು ಬೇಕೆಂದು ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತು. ಯಾರ ಮಾತೂ ನಡೆಯಲಿಲ್ಲ. ಎರಡು ತಂಡಗಳೂ ವಿಮಾನ ಹತ್ತಿದವು.

ಬರ್ನಬೆವುನಲ್ಲಿ 60,000ಕ್ಕೂ ಹೆಚ್ಚು ಜನ ಸೇರಿದ್ದರು, ನಾಲ್ಕು ಸಾವಿರಕ್ಕೂ ಹೆಚ್ಚು ಕಾವಲುಗಾರರಿದ್ದರು. ತಮ್ಮ ದೇಶದಲ್ಲಿ ಒಟ್ಟಿಗೆ ಕೂರಲು ಬಿಡದ ಎರಡೂ ಕಡೆಯ ಅಭಿಮಾನಿಗಳನ್ನು ಇಲ್ಲಿ ಒಂದೇ ಸ್ಟೇಡಿಯಂನ ಎರಡು ತುದಿಗಳಲ್ಲಿ ಕೂರಿಸಿದರು. ಅವರಲ್ಲಿ ಬಹಳಷ್ಟು ಜನ ಯುರೋಪಿನಲ್ಲೇ ನೆಲೆಸಿದ ಅರ್ಜೆಂಟೀನಾದವರು. ಲಿಯೊನೆಲ್ ಮೆಸ್ಸಿಯೂ ಬಂದು ಕೂತಿದ್ದ. ಮೊನುಮೆಂಟಲ್‌ನಲ್ಲಿ ಬಿಸಿಲಿಗೆ ಬೆಂದವರಲ್ಲಿ ಹೆಚ್ಚಿನವರು ಟಿವಿ ಮುಂದಿದ್ದರು. ನಮ್ಮಲ್ಲಿ ಆಗ ಸೋಮವಾರದ ನಡುರಾತ್ರಿ ದಾಟಿ ಒಂದು ಗಂಟೆ.

ಆಟ ಮೊದಲು ಬಿಗಿಯಾಗಿತ್ತು, ಇಬ್ಬರೂ ಹೆದರಿ ಆಡಿದರು. 44ನೇ ನಿಮಿಷದಲ್ಲಿ ನಾಹಿತಾನ್ ನಾಂದೆಸ್ ನೀಡಿದ ಉದ್ದನೆಯ ಪಾಸನ್ನು ಹಿಡಿದು ಓಡಿದ ಬೆನೆಡೆಟ್ಟೊ ಒಬ್ಬ ರಕ್ಷಕನನ್ನು ದಾಟಿ ಚೆಂಡನ್ನು ಬಲೆಗೆ ಹಾಕಿದ; ಸಂಭ್ರಮಿಸುತ್ತ ರಿವರ್‌ನ ಗೊನ್ಸಾಲೊ ಮೊಂತಿಯೆಲ್‌ನ ಮುಖದೆದುರು ನಾಲಗೆ ಚಾಚಿದ. ಓಣಿಯ ಜಗಳ ಹತ್ತು ಸಾವಿರ ಕಿಲೋಮೀಟರ್ ದಾಟಿಯೂ ಆ ಒಂದು ಕ್ಷಣ ಹಾಗೇ ಉಳಿದಿತ್ತು. ಆದರೆ ದ್ವಿತೀಯಾರ್ಧ ರಿವರ್‌ನದು. 58ನೇ ನಿಮಿಷದಲ್ಲಿ ನಾಯಕ ಲಿಯೊನಾರ್ದೊ ಪೊನ್ಸಿಯೊನನ್ನು ಹೊರಕರೆದು ಕೊಲಂಬಿಯಾದ ಹುವಾನ್ ಫೆರ್ನಾಂದೊ ಕಿಂಟೆರೊನನ್ನು ಇಳಿಸಿದರು. ರಕ್ಷಣೆಯ ಆಳು ತೆಗೆದು ಪಾಸಿನ ಆಳು ಹಾಕಿದ ಈ ಬದಲಾವಣೆಯೇ ಪಂದ್ಯವನ್ನು ತಿರುಗಿಸಿತು ಎಂಬುದು ನನ್ನ ಎಣಿಕೆ. ಚೆಂಡು ರಿವರ್ ಕಾಲಲ್ಲೇ ನಿಲ್ಲತೊಡಗಿತು. ಹತ್ತು ನಿಮಿಷದಲ್ಲಿ ಪಲಾಸಿಯೋಸ್ ಮತ್ತು ಇಗ್ನಾಸಿಯೊ ಫೆರ್ನಾಂದೆಸ್ ಒಂದೊಂದೇ ಒದೆತದ ಪಾಸುಗಳಿಂದ ಬೋಕಾದ ರಕ್ಷಣೆಯನ್ನು ಬಿಡಿಸಿದರು, ಪ್ರಾತ್ತೊ ಮುಗಿಸಿದ. 1–1.

ಹೆಚ್ಚುವರಿ ಸಮಯದ ಎರಡನೇ ನಿಮಿಷದಲ್ಲೇ ಬೋಕಾದ ವಿಲ್ಮಾರ್ ಬಾರಿಯೋಸ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದ. ಹತ್ತು ಜನ. 109ನೇ ನಿಮಿಷದಲ್ಲಿ ಕಿಂಟೆರೊ ಪೆನಾಲ್ಟಿ ಚೌಕದ ಅಂಚಿನಿಂದ ಎಡಗಾಲಲ್ಲಿ ಒದ್ದ ಚೆಂಡು ಅಡ್ಡಪಟ್ಟಿಯ ಕೆಳಗೆ ತಾಗಿ ಒಳಗೆ ಹೋಯಿತು. ಬದಲಿ ಆಟಗಾರರು ಮುಗಿದಿದ್ದ ಹೊತ್ತಿನಲ್ಲಿ ಫೆರ್ನಾಂದೊ ಗಾಗೊನ ಹಿಮ್ಮಡಿಯ ನರ ಹರಿದು ಬೋಕಾ ಒಂಬತ್ತೇ ಜನರಿಗೆ ಇಳಿಯಿತು. ಆ ಒಂಬತ್ತು ಜನರ ಕೊನೆಯ ನಿಮಿಷಗಳ ಆಟವನ್ನು ರಿವರ್ ಅಭಿಮಾನಿಯೂ ಗೌರವಿಸಬೇಕು. ಗೋಲ್‌ಕೀಪರ್ ಎಸ್ತೆಬಾನ್ ಆಂದ್ರಾದಾ ತನ್ನ ಜಾಗ ಬಿಟ್ಟು ಮುಂದೆ ಬಂದು ದಾಳಿಗೆ ನಿಂತ. 120ನೇ ನಿಮಿಷದಲ್ಲಿ ಲಿಯೊನಾರ್ದೊ ಹಾರಾ ಒದ್ದ ಚೆಂಡು ಗೋಲ್ ಕಂಬಕ್ಕೆ ಬಡಿದು ಹೊರಗೆ ಹಾರಿತು. ಕೆಲವು ಅಂಗುಲ ಒಳಗೆ ಬಿದ್ದಿದ್ದರೆ 2–2 ಆಗಿ ಪೆನಾಲ್ಟಿಗೆ ಹೋಗುತ್ತಿತ್ತು. ಅದರಿಂದ ಬಂದ ಕಾರ್ನರ್‌ಗೂ ಆಂದ್ರಾದಾ ಮುಂದೆಯೇ ಇದ್ದ. ಚೆಂಡು ರಿವರ್‌ಗೆ ಸಿಕ್ಕಿತು. ಪಿಟಿ ಮಾರ್ತಿನೆಸ್ ಖಾಲಿ ಮೈದಾನದಲ್ಲಿ, ಖಾಲಿ ಗೋಲಿನ ಕಡೆಗೆ ಒಬ್ಬನೇ ಓಡಿದ. 3–1. ಎರಡು ಪಂದ್ಯ ಸೇರಿ 5–3. ರಿವರ್‌ಗೆ ಇದು 1986, 1996, 2015ರ ನಂತರದ ನಾಲ್ಕನೇ ಕಪ್ಪು. ಬೋಕಾದ ಆರು ಕಪ್ಪುಗಳ ಲೆಕ್ಕಕ್ಕೆ ಅದು ಇನ್ನೂ ಹಿಂದೆ. ಆದರೆ ಈ ಕಪ್ಪಿನಲ್ಲಿ ಎದುರುಬದುರಾಗಿ ಆಡಿದ ಒಂದೇ ಫೈನಲ್ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಾಗಿತ್ತು.

ಖಂಡದ ಕಪ್ಪಿನ ಫೈನಲ್‌ಗೆ ಒಂದೇ ಊರಿನ ಇಬ್ಬರು ಬಂದ ಬೇರೆ ಪ್ರಸಂಗಗಳನ್ನೂ ನೋಡಬೇಕು. ಯುರೋಪಿನಲ್ಲಿ ಮ್ಯಾಡ್ರಿಡ್‌ನ ಎರಡು ತಂಡಗಳು, ರಿಯಲ್ ಮತ್ತು ಅಟ್ಲೆಟಿಕೊ, 2014ರಲ್ಲಿ ಲಿಸ್ಬನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದವು. ಪಂದ್ಯ ಮುಗಿಯಲು ಒಂದೆರಡು ನಿಮಿಷವಿದ್ದಾಗ ಸೆರ್ಜಿಯೊ ರಾಮೋಸ್ ತಲೆಯಿಂದ ಸಮ ಮಾಡಿ, ರಿಯಲ್ ಕೊನೆಗೆ 4–1ರಿಂದ ಗೆದ್ದಿತು. 2016ರಲ್ಲಿ ಮತ್ತೆ ಅವರೇ, ಈ ಸಲ ಮಿಲಾನ್‌ನಲ್ಲಿ, ಗೆಲುವು ಪೆನಾಲ್ಟಿಯಲ್ಲಿ ರಿಯಲ್‌ಗೆ. ಆಫ್ರಿಕಾದಲ್ಲಿ 2020ರ ನವೆಂಬರ್ 27ರಂದು ಕೈರೊದ ಅಲ್ ಅಹ್ಲಿ ಮತ್ತು ಜಮಾಲೆಕ್ ಕೈರೊದಲ್ಲೇ ಎದುರಾದವು. ಮೊಹಮದ್ ಮಗ್ದಿ ಅಫ್ಶಾ 86ನೇ ನಿಮಿಷದಲ್ಲಿ ದೂರದಿಂದ ಹೊಡೆದ ಗೋಲಿನಿಂದ ಅಹ್ಲಿ 2–1ರಿಂದ ಗೆದ್ದಿತು. ಕೋವಿಡ್ ಕಾಲದ ಆ ರಾತ್ರಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಹೀಗೆ ಮೂರು ಖಂಡಗಳಲ್ಲಿ ಎಲ್ಲಿಯೂ ಎರಡೂ ಪಕ್ಷದ ಜನ ತಮ್ಮೂರಿನ ಮೈದಾನದಲ್ಲಿ ಒಟ್ಟಿಗೆ ಕೂತು ಇಂಥ ಫೈನಲ್ ನೋಡಲಾಗಲಿಲ್ಲ.

ನಮ್ಮ ರಾಜ್ಯದ ಕ್ಲಬ್ಬೊಂದು ಖಂಡದ ಫೈನಲ್ ಮುಟ್ಟಿದ್ದು ಒಂದೇ ಸಲ. ಬೆಂಗಳೂರು ಎಫ್‌ಸಿ 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿತು. ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ಸುನಿಲ್ ಛೇತ್ರಿಯ ಎರಡು, ಹುವಾನನ್‌ನ ಒಂದು ಗೋಲಿನಿಂದ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಫೈನಲ್ ನಡೆದದ್ದು ನವೆಂಬರ್ 5ರಂದು ದೋಹಾದಲ್ಲಿ, ಇರಾಕಿನ ವಾಯುಪಡೆಯ ಕ್ಲಬ್ಬಿನ ವಿರುದ್ಧ. 70ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಸೋತಿತು. ಆ ಇರಾಕಿ ತಂಡಕ್ಕೆ ಈ ಕಪ್ಪಿನ ಪಂದ್ಯಗಳನ್ನು ತನ್ನ ದೇಶದಲ್ಲಿ ಆಡುವ ಅವಕಾಶವೇ ಇರಲಿಲ್ಲ. ಬಾಗ್ದಾದಿನ ಜನ ತಮ್ಮ ತಂಡ ಏಷ್ಯಾದ ಕಪ್ಪು ಎತ್ತಿದ್ದನ್ನು ದೂರದಿಂದ ನೋಡಿದರು. ಕಂಠೀರವದಲ್ಲಿ ಸೆಮಿಫೈನಲ್ ದಿನ ಕೂಗಿದ ಗಂಟಲುಗಳಲ್ಲೂ ಹೆಚ್ಚಿನವು ದೋಹಾದಲ್ಲಿರಲಿಲ್ಲ.

ಲಿಬರ್ಟಡೋರೆಸ್‌ನಲ್ಲಿ ಮನೆಯಲ್ಲೊಂದು, ಎದುರಾಳಿಯ ಮನೆಯಲ್ಲೊಂದು ಎಂಬ ಫೈನಲ್ ಪದ್ಧತಿ ಅಲ್ಲಿಗೇ ಮುಗಿಯಿತು. 2019ರಿಂದ ಒಂದೇ ಪಂದ್ಯ, ಮೊದಲೇ ಗೊತ್ತುಮಾಡಿದ ಊರಿನಲ್ಲಿ. ಈ ತೀರ್ಮಾನ ಮ್ಯಾಡ್ರಿಡ್ ಪಂದ್ಯಕ್ಕೆ ಮುಂಚೆಯೇ ಆಗಿತ್ತು. ದುಡ್ಡಿನ ಲೆಕ್ಕ, ಟಿವಿಯ ಲೆಕ್ಕ ಅದಕ್ಕೆ ಕಾರಣ.

ಆದರೆ ಸೆಮಿಫೈನಲ್‌ಗಳು ಊರಲ್ಲೇ ಉಳಿದವು. ಮ್ಯಾಡ್ರಿಡ್ ಕಳೆದು ಹತ್ತು ತಿಂಗಳಿಗೆ ಬೋಕಾ ಮತ್ತು ರಿವರ್ ಅದೇ ಕಪ್ಪಿನ ಸೆಮಿಫೈನಲ್‌ನಲ್ಲಿ ಮತ್ತೆ ಎದುರಾದವು. 2019ರ ಅಕ್ಟೋಬರ್ 1ರಂದು ಬೋಕಾದ ಬಸ್ಸು ಅದೇ ಮೊನುಮೆಂಟಲ್‌ಗೆ ಬಂತು. ದಾರಿಯುದ್ದಕ್ಕೂ ಪೊಲೀಸರು ಸಾಲುಗಟ್ಟಿ ನಿಂತಿದ್ದರು. ರಿವರ್ 2–0ರಿಂದ ಗೆದ್ದಿತು. ಅಕ್ಟೋಬರ್ 22ರಂದು ರಿವರ್ ತಂಡ ಬೊಂಬೊನೇರಾಕ್ಕೆ ಹೋಯಿತು. ಅಲ್ಲಿ ಆಟ ಶುರುವಾಗುವುದು ತಡವಾಯಿತು: ಬೋಕಾದ ಜನ ತೂರಿದ ಕಾಗದದ ಚೂರುಗಳನ್ನು ಹುಲ್ಲಿನ ಮೇಲಿಂದ ಗುಡಿಸಬೇಕಿತ್ತು. 80ನೇ ನಿಮಿಷದಲ್ಲಿ ಹಾನ್ ಹುರ್ತಾದೊ ಬೋಕಾಗೆ ಗೋಲು ಹೊಡೆದ. 1–0, ಒಟ್ಟು ಲೆಕ್ಕ 2–1 ರಿವರ್‌ಗೆ. ರಿವರ್ ಫೈನಲ್ ಆಡಲು ಲಿಮಾಕ್ಕೆ ಹೋಗಿ, ಬ್ರೆಜಿಲ್‌ನ ಫ್ಲಮೆಂಗೊ ವಿರುದ್ಧ 88 ನಿಮಿಷ ದಾಟುವವರೆಗೂ ಮುಂದಿದ್ದು, ಗಾಬ್ರಿಯೆಲ್ ಬಾರ್ಬೊಸಾ ಕೊನೆಯಲ್ಲಿ ಹೊಡೆದ ಎರಡು ಗೋಲಿಗೆ ಸೋತಿತು.